ಡ್ಯಾಫಡಿಲ್: ಗರಿ ದಂಡಿಯಾಗಿ ಬರುತ್ತೆ, ಹೂ ಮಾತ್ರ ಇಲ್ಲ

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಊರು ಇಂಗ್ಲೆಂಡಿನ ರೆಡಿಂಗ್, ಜೇಡಿಮಣ್ಣು. ಮನೆಯ ಹಿಂದಿನ ಮಾಲೀಕರು ಹುಲ್ಲುಹಾಸಿನ ಅಂಚಿಗೆ ನೆಟ್ಟಿದ್ದ ಹಳದಿ ಡ್ಯಾಫಡಿಲ್ (ಗೆಡ್ಡೆಯಿಂದ ಬರೋ ಹೂಗಿಡ) ಇವೆ. ಫೆಬ್ರವರಿಯಲ್ಲಿ ಗರಿ ಪೊದೆಪೊದೆಯಾಗಿ ಏಳುತ್ತೆ. ಹೂ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದು, ಈ ಸಲ ಗುಂಪಿಗೆ ಒಂದೋ ಎರಡೋ. ಬಿಸಿಲು ಬೀಳೋ ಗೋಡೆ ಪಕ್ಕ ಸುತ್ತು ಎಸಳಿನ ಜಾತಿ ಇದೆ. ಅದರಲ್ಲಿ ಮೊಗ್ಗು ಬರುತ್ತೆ, ಆದರೆ ಅರಳದೆ ಕಂದು ಕಾಗದದ ಹಾಗೆ ಒಣಗಿ ನಿಲ್ಲುತ್ತೆ. ಹೂ ಮುಗಿದ ಮೇಲೆ ಗರಿಗಳನ್ನ ಗಂಟು ಕಟ್ಟಿ, ಏಪ್ರಿಲ್ ಮಧ್ಯದಲ್ಲಿ ಹುಲ್ಲಿನ ಜೊತೆ ಕತ್ತರಿಸೋದು ರೂಢಿ. ಹುಲ್ಲಿಗೆ ಹಾಕೋ ಗೊಬ್ಬರ ಇವಕ್ಕೂ ಬೀಳುತ್ತೆ. ಈಗಲೇ ಅಗೆದು ಬೇರೆ ಕಡೆ ನೆಡಬೇಕಾ, ಅಥವಾ ಹೊಸ ಗೆಡ್ಡೆ ತರೋದೇ ವಾಸಿನಾ?

ಪಾತಿಪಂಡಿತ:
ಇವು ಎರಡು ಬೇರೆ ತೊಂದರೆಗಳು, ಒಂದೇ ಮದ್ದು ನಡೆಯಲ್ಲ.

ಮೊದಲು ಹುಲ್ಲಿನ ಅಂಚಿನದು. ಮುಂದಿನ ಮಾರ್ಚಿನ ಹೂ ಹುಟ್ಟೋದು ಈ ಮೇ–ಜೂನಿನಲ್ಲಿ, ಮಣ್ಣೊಳಗೆ, ಗೆಡ್ಡೆಯ ನಡುವೆ. ಅಷ್ಟರೊಳಗೆ ಗರಿ ಬಿಸಿಲು ಕುಡಿದು ಗೆಡ್ಡೆ ತುಂಬಿಸಿರಬೇಕು. ಏಪ್ರಿಲಿನಲ್ಲೇ ಕತ್ತರಿಸಿದರೆ ಗೆಡ್ಡೆಯಲ್ಲಿ ಗರಿ ಬಿಡೋಕೆ ಸಾಕಾಗುವಷ್ಟೇ ಕಸುವು ಉಳಿಯುತ್ತೆ, ಮೊಗ್ಗು ಕಟ್ಟೋಕಾಗಲ್ಲ. ಹೂ ಬಾಡಿದ ಮೇಲೆ ಕನಿಷ್ಠ 6 ವಾರ ಗರಿ ಮುಟ್ಟಬೇಡಿ. ತಾನಾಗಿ ಹಳದಿ ತಿರುಗೋವರೆಗೆ ಬಿಟ್ಟರೆ ಇನ್ನೂ ಒಳ್ಳೇದು. ಗಂಟು ಕಟ್ಟೋದನ್ನಂತೂ ಇವತ್ತೇ ಬಿಡಿ. ಕಣ್ಣಿಗೆ ಅಚ್ಚುಕಟ್ಟು ಅಷ್ಟೇ, ಮಡಿಸಿದ ಗರಿಗೆ ಬಿಸಿಲು ಸಿಗಲ್ಲ. ಹೂವಿನ ಹಿಂದೆ ಉಬ್ಬೋ ಬೀಜದಕಾಯಿ ಮಾತ್ರ ಚಿವುಟಿ ಹಾಕಿ. ಹಸಿರು ದಂಟು ಇರಲಿ, ಅದೂ ಗರಿಯ ಕೆಲಸವನ್ನೇ ಮಾಡುತ್ತೆ.

ಹುಲ್ಲಿನ ಗೊಬ್ಬರದಲ್ಲಿ ಸಾರಜನಕ ಜಾಸ್ತಿ. ಗರಿ ದಂಡಿಯಾಗಿ ಬರೋದರಲ್ಲಿ ಅದರ ಪಾಲೂ ಇದೆ. ಇದಕ್ಕೆ ಬೇಕಾದ್ದು ಪೊಟ್ಯಾಶ್, ಅಂದರೆ ಪೊಟ್ಯಾಸಿಯಂ ಇರೋ ಗೊಬ್ಬರ. ಟೊಮ್ಯಾಟೊ ಗಿಡಕ್ಕೆ ಅಂತ ಮಾರೋ ದ್ರವಗೊಬ್ಬರವನ್ನ ಬಾಟಲಿ ಮೇಲೆ ಬರೆದ ಅಳತೆಯಲ್ಲೇ ಕಲಸಿ, ಹೂ ಬಾಡಿದಾಗಿನಿಂದ ಗರಿ ಹಳದಿಯಾಗೋವರೆಗೆ 10 ದಿನಕ್ಕೊಮ್ಮೆ ಹಾಕಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಫೆಬ್ರವರಿಯಲ್ಲಿ ಗರಿ ತಲೆ ಎತ್ತುವಾಗ ಚದರ ಮೀಟರಿಗೆ ಸುಮಾರು 20 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಶ್ ಉದುರಿಸಿ.

ಗೋಡೆ ಪಕ್ಕದ್ದರಲ್ಲಿ ಮೊಗ್ಗು ಕಟ್ಟಿದೆ, ಅಂದರೆ ಗೆಡ್ಡೆ ಗಟ್ಟಿಯಾಗೇ ಇದೆ. ನೀರು ಸಾಲದೆ ಮೊಗ್ಗು ಒಳಗೇ ಒಣಗ್ತಿದೆ. ಗೋಡೆ ಬುಡಕ್ಕೆ ಮಳೆ ಸರಿಯಾಗಿ ತಲುಪಲ್ಲ, ಮೇಲಿಂದ ಗೋಡೆಯ ಕಾವು ಬೇರೆ. ತಡವಾಗಿ ಅರಳೋ ಸುತ್ತು ಎಸಳಿನ ಜಾತಿಗಳಿಗೆ ಇದು ಸಾಮಾನ್ಯ. ಮಾರ್ಚಿನಿಂದ ಮಣ್ಣು ಒಣಗಿದಾಗೆಲ್ಲ ಬುಡ ತುಂಬಾ ನೀರು ಕೊಡಿ, ಮೇಲೆ 5 ಸೆಂ.ಮೀ. ಕಾಂಪೋಸ್ಟ್ ಹೊದಿಸಿ. ಆಗಲೂ ಅರಳದಿದ್ದರೆ ತಂಪಿನ ಜಾಗಕ್ಕೆ ಸಾಗಿಸಿ.

ಕೆಂಪುಮಣ್ಣು:
ಮೇಲಿನವರು ಹೇಳಿದ್ದು ಸರಿ, ಆದರೆ ಬರೀ ಗರಿ ಬಿಟ್ಟು ಗೊಬ್ಬರ ಹಾಕಿದರೆ ಹಳೇ ಗುಂಪುಗಳು ಸರಿಹೋಗಲ್ಲ. ಒಂದು ಮೂಲೆ ಕೆದಕಿ ನೋಡಿ: ಗೆಡ್ಡೆಗಳು ಒತ್ತೊತ್ತಾಗಿ ಇವೆಯಾ, ಎಷ್ಟು ಆಳದಲ್ಲಿವೆ?

ಹಿತ್ತಲಬಾಗಿಲು:
ನೋಡಿದೆ ಸರ್. ಬೆಳ್ಳುಳ್ಳಿ ಎಸಳಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಮೇಲೆ 4–5 ಸೆಂ.ಮೀ. ಮಣ್ಣು ಇದ್ದರೆ ಹೆಚ್ಚು.

ಕೆಂಪುಮಣ್ಣು:
ಅಲ್ಲೇ ಇದೆ ಮೂಲ. ಆಳ ಇಲ್ಲದೆ ಮೇಲುಮೇಲೆ ನೆಟ್ಟರೆ ಗೆಡ್ಡೆ ದಪ್ಪವಾಗೋ ಬದಲು ಒಡೆದು ಮರಿ ಹಾಕುತ್ತೆ. ಆ ಮರಿಗಳೆಲ್ಲ ಅಷ್ಟೇ ನೀರು-ಗೊಬ್ಬರಕ್ಕೆ ಕಿತ್ತಾಡ್ತವೆ, ಯಾವುದೂ ಹೂ ಬಿಡೋ ಗಾತ್ರಕ್ಕೆ ಬರಲ್ಲ.

ಈಗ ಅಗೀಬೇಡಿ. ಜಾಗ ಮರೆಯದ ಹಾಗೆ ಕಡ್ಡಿ ಚುಚ್ಚಿಡಿ, ಜೂನ್ ಕೊನೆಗೆ ಗರಿ ಪೂರ್ತಿ ಹಳದಿಯಾದ ಮೇಲೆ ಎತ್ತಿ. ಫೋರ್ಕನ್ನ ಗುಂಪಿನಿಂದ ಒಂದು ಗೇಣು ಆಚೆ ಇಳಿಸಿ, ಇಲ್ಲದಿದ್ದರೆ ಮುಳ್ಳು ಗೆಡ್ಡೆಗೇ ಚುಚ್ಚುತ್ತೆ. ತಾವಾಗಿ ಬಿಟ್ಟುಕೊಳ್ಳೋ ಮರಿಗಳನ್ನ ಮಾತ್ರ ಬೇರೆ ಮಾಡಿ. ಒಂದೇ ತಳಕ್ಕೆ ಅಂಟಿರೋದನ್ನ ಸೀಳಬೇಡಿ, ಗಾಯದಿಂದ ಕೊಳೆ ಹತ್ತುತ್ತೆ.

ಆಮೇಲೆ ಪ್ರತಿ ಗೆಡ್ಡೆಯ ತಳವನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ. ಈ ಕೆಲಸಕ್ಕೆ ಸೋಮಾರಿತನ ಬೇಡ. ತಳ ಮೆತ್ತಗಿದ್ದು, ಕೊಯ್ದಾಗ ಕೆಂಗಂದು ಬಣ್ಣ ಕೆಳಗಿನಿಂದ ಮೇಲಕ್ಕೆ ಹರಡಿದ್ದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಕೊಳೆರೋಗ. ಒಳಗೆಲ್ಲ ಟೊಳ್ಳಾಗಿ, ಕೊಳಕು ತುಂಬಿ, ಒಂದೇ ಒಂದು ದಪ್ಪ ಹುಳ ಇದ್ದರೆ ಅದು ಈ ಗೆಡ್ಡೆ ತಿನ್ನೋ ನಾರ್ಸಿಸಸ್ ನೊಣದ ಮರಿ. ಎರಡನ್ನೂ ಕಸದ ಡಬ್ಬಿಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಆ ನೊಣ ನೋಡೋಕೆ ಪುಟ್ಟ ದುಂಬಿಜೇನಿನ ಹಾಗಿರುತ್ತೆ. ಬೇಸಿಗೆ ಶುರುವಲ್ಲಿ, ಗರಿ ಒಣಗೋ ಹೊತ್ತಿಗೆ, ಬುಡದ ಹತ್ತಿರ ಮೊಟ್ಟೆ ಇಡುತ್ತೆ. ಬಿಸಿಲಿನ, ಗಾಳಿ ತಾಗದ ಜಾಗ ಅದಕ್ಕೆ ಇಷ್ಟ, ಹಾಗಾಗಿ ಗೋಡೆ ಪಕ್ಕದವನ್ನ ಇನ್ನೂ ಗಮನಿಸಿ ನೋಡಿ. ಗರಿ ಒಣಗಿದ ಮೇಲೆ ಉಳಿಯೋ ತೂತುಗಳನ್ನ ಮಣ್ಣು ಎಳೆದು ತುಳಿದು ಮುಚ್ಚಿದರೆ ಕಾಟ ಕಡಿಮೆಯಾಗುತ್ತೆ.

ಒಳ್ಳೆಯ ಗೆಡ್ಡೆಗಳನ್ನ ಈರುಳ್ಳಿ ಬಲೆಚೀಲದಲ್ಲಿ, ನೆರಳಲ್ಲಿ, ಗಾಳಿಯಾಡೋ ಕಡೆ ತೂಗುಹಾಕಿ. ಸೆಪ್ಟೆಂಬರಿನಲ್ಲಿ ನೆಡಿ. ಟ್ಯೂಲಿಪ್ ನವೆಂಬರಿಗೂ ಕಾಯುತ್ತೆ, ಇದು ಕಾಯಲ್ಲ. ಚಳಿ ಬಲಿಯೋ ಮುಂಚೆ ಬೇರು ಇಳಿದಿರಬೇಕು. ಗೆಡ್ಡೆ 5 ಸೆಂ.ಮೀ. ಎತ್ತರ ಇದ್ದರೆ ಗುಂಡಿ 15 ಸೆಂ.ಮೀ., ನಡುವೆ 10 ಸೆಂ.ಮೀ. ಅಂತರ. ಜೇಡಿಮಣ್ಣಲ್ಲಿ ಗುಂಡಿಯ ತಳಕ್ಕೆ ಮಾತ್ರ ಜಲ್ಲಿ ಹಾಕಿದರೆ ಅದು ನೀರು ನಿಲ್ಲೋ ಬಟ್ಟಲಾಗುತ್ತೆ, ಇಡೀ ಪಾತಿಗೆ ಎಲೆಗೊಬ್ಬರ ಕಲಸಿ. ಹೆಬ್ಬೆರಳು ಗಾತ್ರದ ಮರಿಗಳಿಗೆ ಬೇರೆ ಸಾಲು ಮಾಡಿ, ಹೂವಿಗೆ 2–3 ವರ್ಷ ಬೇಕು.

ಹೊಸದು ತರೋದೇ ಆದರೆ ಹುಲ್ಲಿನ ಅಂಚಿಗೆ ಟೆಟ್-ಅ-ಟೆಟ್ ಅನ್ನೋ ಡ್ಯಾಫಡಿಲ್ ತಳಿ ಒಳ್ಳೇದು. ಗಿಡ ಗಿಡ್ಡ, ಬೇಗ ಅರಳುತ್ತೆ, ಗರಿ ಒಣಗುವಾಗಲೂ ಅಷ್ಟು ಅಸಹ್ಯ ಕಾಣಲ್ಲ.

ಪಾತಿಪಂಡಿತ:
ಬಲೆಚೀಲ ಅಂದ ಮೇಲೆ ಒಂದು ಮಾತು. ಅಡುಗೆಮನೆ ಹತ್ತಿರ ಮಾತ್ರ ತೂಗುಹಾಕಬೇಡಿ. ಗೆಡ್ಡೆಯಲ್ಲಿ ಲೈಕೋರಿನ್ ಅನ್ನೋ ವಿಷ ಇದೆ, ಬೇಯಿಸಿದರೂ ಹೋಗಲ್ಲ, ತಿಂದರೆ ವಾಂತಿ-ಭೇದಿ. ಸಿಪ್ಪೆ ಬಣ್ಣವೂ ಈರುಳ್ಳಿಯದೇ. ಈರುಳ್ಳಿ ವಾಸನೆ ಇಲ್ಲದಿದ್ದರೆ ಅದು ಈರುಳ್ಳಿ ಅಲ್ಲ. ಲೋಳೆ ತಾಗಿದರೆ ಕೆಲವರ ಕೈಗೆ ತುರಿಕೆ, ಗ್ಲೌಸ್ ಹಾಕಿಕೊಳ್ಳಿ.

ಬಾಲ್ಕನಿರಾಯ:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಬೆಂಗಳೂರಲ್ಲಿ ಕುಂಡದಲ್ಲಿ ಬರುತ್ತಾ? ಆನ್‌ಲೈನಲ್ಲಿ ಹಳದಿ ಡ್ಯಾಫಡಿಲ್ ಗೆಡ್ಡೆ ಮಾರ್ತಿದಾರೆ.

ಕೆಂಪುಮಣ್ಣು:
ದೊಡ್ಡ ತುತ್ತೂರಿಯ ಆ ಹಳದಿ ಜಾತಿಗೆ ದುಡ್ಡು ಹಾಕಬೇಡಿ. ಅದಕ್ಕೆ 9 ಡಿಗ್ರಿಗಿಂತ ಕಡಿಮೆ ಚಳಿ 12–16 ವಾರ ಬೇಕು, ಬೆಂಗಳೂರಿನ ಜನವರಿ ರಾತ್ರಿಯೇ ಸರಾಸರಿ 15–16 ಡಿಗ್ರಿ. ಫ್ರಿಜ್‌ನಲ್ಲಿ ಇಡಬಹುದು, ಆದರೆ ಪಕ್ಕದಲ್ಲಿ ಸೇಬು-ಬಾಳೆ ಇದ್ದರೆ ಅವು ಬಿಡೋ ಎಥಿಲೀನ್‌ಗೆ ಒಳಗಿನ ಮೊಗ್ಗು ಸಾಯುತ್ತೆ. ನವೆಂಬರಿನಲ್ಲಿ ಬಂದ ಗೆಡ್ಡೆ ಚಳಿ ಮುಗಿಸಿ ಹೊರಬರೋ ಹೊತ್ತಿಗೆ ಬೆಂಗಳೂರಿನ ಬಿಸಿಲು ಏರಿರುತ್ತೆ.

ಪೇಪರ್‌ವೈಟ್ ಅನ್ನೋ ಡ್ಯಾಫಡಿಲ್ ಜಾತಿ ತನ್ನಿ. ಬಿಳಿ, ಗೊಂಚಲು ಹೂ, ಘಮ ಜೋರು, ಚಳಿ ಬೇಕಿಲ್ಲ. ಗಾಜಿನ ಬಟ್ಟಲಿಗೆ ಬೆಣಚುಕಲ್ಲು ತುಂಬಿ ಗೆಡ್ಡೆ ಕೂರಿಸಿ, ನೀರು ಗೆಡ್ಡೆಯ ತಳಕ್ಕೆ ತಾಗುವಷ್ಟಿರಲಿ, ಗೆಡ್ಡೆ ಮುಳುಗಬಾರದು. 4–6 ವಾರಕ್ಕೆ ಹೂ. ದಂಟು ಉದ್ದವಾಗಿ ಬಾಗುತ್ತೆ ಅನ್ನೋದೊಂದೇ ತಕರಾರು. ಅದಕ್ಕೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಮದ್ದು ಕಂಡುಹಿಡಿದಿದ್ದಾರೆ: ಮೊಳಕೆ 4–5 ಸೆಂ.ಮೀ. ಆದಾಗ ನೀರು ಚೆಲ್ಲಿ, 1 ಭಾಗ ವೋಡ್ಕಾ ಅಥವಾ ಜಿನ್‌ಗೆ 7 ಭಾಗ ನೀರು ಬೆರೆಸಿ ಹಾಕೋದು. ದಂಟು ಸುಮಾರು ಮೂರನೇ ಒಂದು ಭಾಗ ಗಿಡ್ಡವಾಗುತ್ತೆ, ಹೂವಿನ ಗಾತ್ರ ಕಡಿಮೆಯಾಗಲ್ಲ. ಬಿಯರ್, ವೈನ್ ಬೇಡ, ಅದರಲ್ಲಿರೋ ಸಕ್ಕರೆ ಗಿಡಕ್ಕೆ ಆಗಿಬರಲ್ಲ.