ಗುಡ್ಡದ ದಾರಿಗೆ ಟ್ರೆಂಚ್ ಹೊಡೆದಿದ್ದಾರೆ. ಬೈಕ್ ಓಡಿಸುವವರು ಏನು ಮಾಡಬಹುದು?

ದುರ್ಗದ ಎಕ್ಸ್‌ಪಲ್ಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದ ಆರೇಳು ಜನ ಗೆಳೆಯರು. ಇಬ್ಬರು ಮೇಷ್ಟ್ರು, ಒಬ್ಬನದು ಮೊಬೈಲ್ ಅಂಗಡಿ, ನಾನು ಬ್ಯಾಂಕಿನಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಹೊಳಲ್ಕೆರೆ ಕಡೆಯ ಒಂದು ಗುಡ್ಡಕ್ಕೆ ಬೈಕ್ ಹತ್ತಿಸುತ್ತೇವೆ. ಒಬ್ಬನ ಹತ್ತಿರ ಹಳೆಯ ಮಹೀಂದ್ರಾ ಜೀಪ್ ಇದೆ. ಊರಿನ ಹೆಸರು ಇಲ್ಲಿ ಬೇಡ. ಹಾಕಿದರೆ ಮುಂದಿನ ವಾರವೇ ಬೆಂಗಳೂರಿನಿಂದ ಥಾರ್ ಜೀಪುಗಳ ಮೆರವಣಿಗೆ ಬರುತ್ತದೆ.

ಕೆಳಗೆ ಬಯಲು, ಕುರುಚಲು ಗಿಡ, ಅಲ್ಲಲ್ಲಿ ಹಳೆಯ ಅದಿರು ಗುಂಡಿ. ಒಂದು ಬಂಡಿದಾರಿ ಸಣ್ಣ ಕೆರೆಯ ಏರಿ ದಾಟಿ ಗುಡ್ಡದ ಬುಡದ ಗುಡಿ ತನಕ ಹೋಗುತ್ತದೆ. ಅಲ್ಲಿಂದ ಮೇಲೆ ಕಲ್ಲು, ಕೊರಕಲು. ನಮಗೆ ಬೇಕಾಗಿರುವುದೇ ಅದು. ನೆತ್ತಿಯ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳು, ಅವುಗಳಿಗೆ ಕಂಪನಿಯವರು ಮಾಡಿಕೊಂಡ ಜಲ್ಲಿ ರಸ್ತೆ.

ಈಗ ಬಂಡಿದಾರಿಗೆ ಅಡ್ಡವಾಗಿ ಜೆಸಿಬಿಯಲ್ಲಿ ಟ್ರೆಂಚ್ ಹೊಡೆದಿದ್ದಾರೆ. ಪಕ್ಕದಲ್ಲಿ 'ಪ್ರವೇಶವಿಲ್ಲ' ಅಂತ ತಗಡಿನ ಬೋರ್ಡ್, ಯಾವ ಇಲಾಖೆ ಅಂತ ಬರೆದಿಲ್ಲ. ಫಾರೆಸ್ಟ್ ಗಾರ್ಡನ್ನು ಕೇಳಿದರೆ ನಮ್ಮದಲ್ಲ ಅನ್ನುತ್ತಾರೆ. ಪಂಚಾಯಿತಿಯಲ್ಲಿ ಕೇಳಿದರೆ ತಾಲ್ಲೂಕು ಆಫೀಸಿಗೆ ಹೋಗಿ ಅನ್ನುತ್ತಾರೆ. ಫ್ಯಾನಿನ ರಸ್ತೆಗೂ ಗೇಟು ಬಿದ್ದಿದೆ.

ನಮ್ಮಲ್ಲೇ ಎರಡು ಗುಂಪಾಗಿದೆ. ಸರ್ಕಾರಿ ಜಾಗ, ನಮ್ಮ ತೆರಿಗೆ, ಆನ್‌ಲೈನ್ ಸಹಿ ಸಂಗ್ರಹ ಮಾಡಿ ಡಿಸಿಗೆ ಕೊಡೋಣ ಅಂತ ಒಂದು ಗುಂಪು. ಜೋಗಿಮಟ್ಟಿ ಕಡೆ ಹೋದರಾಯಿತು ಅಂತ ಇನ್ನೊಂದು. ಕಾನೂನಿನಲ್ಲಿ ನಮಗೆ ಏನಾದರೂ ಹಕ್ಕು ಇದೆಯಾ? ಅನುಭವ ಇದ್ದವರು ಹೇಳಿ.

ಒಂಟಿ ಸವಾರ:

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಗುರೂ. ನಾಲ್ಕು ಕಲ್ಲು ತುಂಬಿ ದಾಟಿಸಿ. ಭಾನುವಾರ ಯಾರು ನೋಡುತ್ತಾರೆ?

ಸರಪಳಿ ಮೇಷ್ಟ್ರು:

ಮೇಲಿನವರ ಮಾತು ಕೇಳಬೇಡ ತಮ್ಮಾ. ನಾನು ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತನಾದವನು. ಈ ಜಿಲ್ಲೆಯ ಗುಡ್ಡದ ಬುಡಗಳಲ್ಲಿ 33 ಅಡಿ ಸರಪಳಿ ಎಳೆದೇ ಕೂದಲು ನೆರೆತದ್ದು. ನನ್ನ ಮಗನೂ ನಿನ್ನ ಹಾಗೇ ಬೈಕ್ ಹುಚ್ಚಿನವನು. ಹಾಗಾಗಿ ಬೈಯದೆ ಹೇಳುತ್ತೇನೆ.

ಮೊದಲು ಜೋಗಿಮಟ್ಟಿ ಆಸೆ ಬಿಡಿ. 2015ರಲ್ಲಿ ಅದು ವನ್ಯಜೀವಿಧಾಮ ಆಯಿತು. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಕಡೆ ಸುಮ್ನೆ ಒಳಗೆ ಹೋಗುವಂತಿಲ್ಲ. 28ನೇ ಕಲಂನಲ್ಲಿ ಅಧ್ಯಯನ, ಫೋಟೋ, ಪ್ರವಾಸ ಇಂಥದಕ್ಕೆ ಪರವಾನಗಿ ಕೊಡಬಹುದು ಅಂತಿದೆ. ಬೈಕ್ ಹಾರಿಸುವುದು ಆ ಪಟ್ಟಿಯಲ್ಲಿ ಇಲ್ಲ. ಜಗಳೂರು ಕಡೆ ರಂಗಯ್ಯನದುರ್ಗದ ಕೊಂಡುಕುರಿ ಧಾಮಕ್ಕೂ ಇದೇ ಮಾತು. ಚಂದ್ರವಳ್ಳಿ ಬಂಡೆಗಳ ಕಡೆಯೂ ತಿರುಗಿ ನೋಡಬೇಡಿ. ಅಲ್ಲಿ ಮಯೂರಶರ್ಮನ ಶಾಸನ ಇದೆ, ಅದರ ಪಕ್ಕ ನಿಮ್ಮ ಟೈರಿನ ಅಚ್ಚು ಬೇಕಾಗಿಲ್ಲ.

ಇನ್ನು ನಿಮ್ಮ ಗುಡ್ಡ. ಸರ್ಕಾರಿ ಜಾಗ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಪಹಣಿಯಲ್ಲಿ ಅದು ಗೋಮಾಳ ಇರಬಹುದು, ಕಾವಲು ಇರಬಹುದು, ಮೀಸಲು ಅರಣ್ಯ ಇರಬಹುದು, ಕೆರೆ ಅಂಗಳ ಇರಬಹುದು. ದಾರಿ, ಹಳ್ಳ, ಸ್ಮಶಾನಕ್ಕೆ ಬಿಟ್ಟ ಬಿ ಖರಾಬೂ ಇರಬಹುದು. ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ, ಒಂದೊಂದು ಕಾಯ್ದೆ. ಯಾರ ಬಾಗಿಲು ಅಂತ ಗೊತ್ತಿಲ್ಲದೆ ತಟ್ಟಿದರೆ ಎಲ್ಲರೂ ಪಕ್ಕದ ಮನೆ ತೋರಿಸುತ್ತಾರೆ. ನಿನಗೆ ಆಗಿರುವುದೂ ಅದೇ ಅಲ್ವಾ.

ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊ. ಟ್ರೆಂಚ್ ಪಕ್ಕ ನಿಂತು ತೆಗೆದರೆ ಕಾಲಡಿಯ ಸರ್ವೆ ನಂಬರ್ ತೋರಿಸುತ್ತದೆ. ಗಡಿಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನೇ ಹಿಡಿದುಕೊಂಡು ಜಗಳಕ್ಕೆ ಹೋಗಬೇಡ. ಆ ನಂಬರಿನ ಪಹಣಿ ತೆಗೆಸು. ಆಮೇಲೆ ಗ್ರಾಮ ನಕಾಶೆ ನೋಡು, ಅದು ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ. ನಕಾಶೆಯಲ್ಲಿರುವ ದಾರಿಗೆ ಯಾರಾದರೂ ಅಡ್ಡ ಹಾಕಿದರೆ ತೆರೆಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಿನ್ನ ಕೈಯಲ್ಲಿರುವ ಗಟ್ಟಿ ಕಾಗದ ಅಂದರೆ ಅದೊಂದೇ. ಅದಕ್ಕೂ ನಿನ್ನ ಎಕ್ಸ್‌ಪಲ್ಸ್ ಬೈಕಿಗೂ ಸಂಬಂಧವಿಲ್ಲ. ದಾರಿ ಎಲ್ಲರದು, ನೀನೂ ಎಲ್ಲರಲ್ಲಿ ಒಬ್ಬ, ಅಷ್ಟೇ.

ದಾರಿ ಬಿಟ್ಟು ಬಯಲಿಗೆ ಇಳಿದರೆ ಕಥೆ ಬೇರೆ. ಗೋಮಾಳದಲ್ಲಿ ಮೇಯಿಸುವ ಹಕ್ಕು ಆ ಊರಿನ ದನಕರುಗಳಿಗೆ ಮಾತ್ರ. ಭೂಕಂದಾಯ ಕಾಯ್ದೆ 1964 ಹಾಗೆ ಹೇಳುತ್ತದೆ. 100 ದನಕ್ಕೆ 12 ಹೆಕ್ಟೇರ್ ಬಿಡಬೇಕು ಅಂತ ನಿಯಮವೂ ಇದೆ. ಪಕ್ಕದ ಊರಿನ ಎಮ್ಮೆಗೇ ಅಲ್ಲಿ ಹಕ್ಕಿಲ್ಲ ಅಂದ ಮೇಲೆ ದುರ್ಗದ ಬ್ಯಾಂಕಿನವನ ಬೈಕಿಗೆ ಎಲ್ಲಿಂದ ಬರಬೇಕು? ಇಷ್ಟು ದಿನ ನೀವು ಓಡಾಡಿದ್ದು ಊರಿನವರು ಸುಮ್ಮನಿದ್ದರು ಅಂತ.

ಫ್ಯಾನಿನ ರಸ್ತೆ ಮರೆತುಬಿಡಿ. ನಮ್ಮ ಕಡೆ ಆ ನೆತ್ತಿಗಳು ಬಹಳಷ್ಟು ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ತೆಗೆದುಕೊಂಡು ಕಂಪನಿಗಳಿಗೆ ಬಳಸಲು ಕೊಟ್ಟದ್ದು. ಜಲ್ಲಿ ಹಾಕಿದ ಮಾತ್ರಕ್ಕೆ ಅದು ಪಿಡಬ್ಲ್ಯುಡಿ ರಸ್ತೆ ಆಗುವುದಿಲ್ಲ. ಕಂಪನಿ ಹೋದರೂ ಭೂಮಿ ಅರಣ್ಯವೇ.

ಅದಿರು ಗುಂಡಿಗಳ ಅಂಚಿಗೂ ಹೋಗಬೇಡಿ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿ ನಿಲ್ಲಿಸಿದಾಗ ಎಷ್ಟೋ ಕಡೆ ಗುಂಡಿ ಹಾಗೇ ಉಳಿಯಿತು. ಮಳೆ ಬಿದ್ದರೆ ಅಂಚು ಜರಿಯುತ್ತದೆ.

ನನ್ನ ಮಗನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಹಾರಿಸಬೇಕು, ಜಾರಿಸಬೇಕು ಅಂತಿದ್ದರೆ ಯಾರದಾದರೂ ಬೀಳು ಜಮೀನು ವರ್ಷಕ್ಕೆ ಇಷ್ಟು ಅಂತ ಮಾತಾಡಿ ಗುತ್ತಿಗೆಗೆ ಹಿಡಿಯಿರಿ. ಕಲ್ಲುಭೂಮಿಗೆ ನಾಲ್ಕು ಕಾಸು ಬಂದರೆ ಯಾವ ರೈತ ಬೇಡ ಅನ್ನುತ್ತಾನೆ? ಊರೂರು ಸುತ್ತಬೇಕು ಅಂತಿದ್ದರೆ ನಕಾಶೆಯ ಬಂಡಿದಾರಿಗಳೇ ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಕಾವಲು ಕಡೆಯವನು:

ನಮ್ಮದು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಸೀಮೆ. ಮನೆಯಲ್ಲಿ ಕುರಿ ಇವೆ. ನಾನು ಡಿಪ್ಲೊಮಾ ಮಾಡಿ ಊರಲ್ಲೇ ಇದ್ದೇನೆ. ಜಾಗ ಹೋಗುವುದು ಅಂದರೆ ಏನು ಅಂತ ನಮ್ಮ ಕಡೆಯವರನ್ನು ಕೇಳಿ.

ಇಲ್ಲಿ ಅಮೃತಮಹಲ್ ಕಾವಲು ಇತ್ತು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟದ್ದು, ಆ ದನಗಳಿಗೆ ಬಿಟ್ಟ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿ, ದನ, ಮ್ಯಾಸಬೇಡರ ದೇವರ ಎತ್ತು ಎಲ್ಲವೂ ಅಲ್ಲೇ ಮೇಯುತ್ತಿದ್ದವು. ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಬೆಂಗಳೂರಿನ ವಿಜ್ಞಾನ ಸಂಸ್ಥೆ, ಇಸ್ರೋ, ಅಣು ಸಂಶೋಧನೆಯ ಬಾರ್ಕ್ ಅಂತ ಹಂಚಿಹೋಯಿತು. ಗೋಡೆ ಏಳುವಾಗಲೇ ನಮ್ಮವರಿಗೆ ಗೊತ್ತಾಗಿದ್ದು. ಹಸಿರು ಪೀಠದ ತನಕ ಕೇಸು ಹೋಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ರಾಕೆಟ್ ಇಲ್ಲಿನ ರನ್‌ವೇಯಲ್ಲಿ ತಾನೇ ಇಳಿಯಿತು. ಟಿವಿಯಲ್ಲಿ ನೋಡಿ ನಾನೂ ಖುಷಿಪಟ್ಟೆ. ಅಪ್ಪ ಮಾತ್ರ ಟಿವಿ ನೋಡಲಿಲ್ಲ.

ಬೈಕಿನವರ ಮೇಲೆ ನಮಗೆ ದ್ವೇಷ ಇಲ್ಲ. ಆದರೆ ಎರಡು ವಿಷಯಕ್ಕೆ ಹೊಟ್ಟೆ ಉರಿಯುತ್ತದೆ. ಒಂದು, ಮುಂಗಾರಿನ ಹಸಿಯಲ್ಲಿ ಬಯಲು ಹತ್ತಿಸುವುದು. ಚಕ್ರದ ಗೀರಿನಲ್ಲಿ ನೀರು ಹರಿದು ಮುಂದಿನ ವರ್ಷಕ್ಕೆ ಅದು ಕೊರಕಲಾಗುತ್ತದೆ, ಅಲ್ಲಿ ಹುಲ್ಲು ಹುಟ್ಟುವುದಿಲ್ಲ. ಬುರ್ಲಿ, ಗೌಜಲು ಹಕ್ಕಿಗಳು ಮೊಟ್ಟೆ ಇಡುವುದೂ ನೆಲದ ಮೇಲೆ. ಹಿಂದೆ ಎರೆಭೂತ ಅನ್ನುವ ದೊಡ್ಡ ಹಕ್ಕಿ ಕೂಡ ಈ ಕಾವಲುಗಳಲ್ಲಿ ಕಾಣುತ್ತಿತ್ತು. ಎರಡು, ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಕಾದ ಸೈಲೆನ್ಸರ್ ನಿಲ್ಲಿಸಿ ಸಿಗರೇಟು ಹಚ್ಚುವುದು. ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತದೆ. ಮಳೆ ಬರುವ ತನಕ ಕುರಿಗೆ ಮೇವಿಲ್ಲ.

ಡಿಸಿಗಿಂತ ಮೊದಲು ಕುರಿಯವರನ್ನು ಮಾತಾಡಿಸಿ ಅಣ್ಣ. ಟ್ರೆಂಚ್ ಯಾರು ಹೊಡೆಸಿದರು ಅಂತ ಅವರಿಗೆ ಗೊತ್ತಿಲ್ಲದೆ ಇರುವುದಿಲ್ಲ.

ಬಾತಿ ಗುಡ್ಡ:

ದಾವಣಗೆರೆಯಲ್ಲಿ ವಾಹನ ವಿಮೆ ಕೆಲಸ ಮಾಡುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಪಾಲಿಸಿ ಪತ್ರದ ಹಿಂದಿನ ಸಣ್ಣ ಅಕ್ಷರ ಓದಿ. ರೇಸು, ವೇಗ ಪರೀಕ್ಷೆ ಇಂಥದಕ್ಕೆ ಬಳಸಿದರೆ ವಿಮೆ ಇಲ್ಲ ಅಂತ ಇರುತ್ತದೆ. ಗುಡ್ಡ ಹತ್ತುವ ಸ್ಪರ್ಧೆ ಅಂತ ಪೋಸ್ಟರ್ ಹಾಕಿ, ಬಿದ್ದು ಕಾಲು ಮುರಿದುಕೊಂಡು, ಆಮೇಲೆ ಕ್ಲೇಮಿಗೆ ಬಂದರೆ ಕಷ್ಟ.

ದಾವಣಗೆರೆ ಟು ಯೂಟಾ:

ನಾನು ಹುಟ್ಟಿದ್ದು ದಾವಣಗೆರೆ ಪಿ.ಜೆ. ಬಡಾವಣೆ, ಈಗ ಇರುವುದು ಅಮೆರಿಕದ ಯೂಟಾದಲ್ಲಿ. ಇಲ್ಲಿ ಇದೇ ಜಗಳ ಐವತ್ತು ವರ್ಷದಿಂದ ನಡೆದಿದೆ.

ಬಿಎಲ್‌ಎಂ ಅಂತ ಒಂದು ಕೇಂದ್ರ ಇಲಾಖೆ ಸುಮಾರು 24.5 ಕೋಟಿ ಎಕರೆ ನೋಡಿಕೊಳ್ಳುತ್ತದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿ, ಇಂಥ ಜಾಗದಲ್ಲಿ ವಾಹನ ಎಲ್ಲಿ ಓಡಬಹುದು, ಎಲ್ಲಿ ಬೇಡ ಅಂತ ಇಲಾಖೆಗಳೇ ಗುರುತು ಮಾಡಬೇಕು ಎಂದರು. ಇಲ್ಲಿನ ಅರಣ್ಯ ಇಲಾಖೆ 2005ರಲ್ಲಿ ಇನ್ನೂ ಬಿಗಿ ಮಾಡಿತು. ನಕ್ಷೆಯಲ್ಲಿ ಇದ್ದರೆ ಮಾತ್ರ ದಾರಿ, ಇಲ್ಲದಿದ್ದರೆ ಮುಚ್ಚಿದ ಹಾಗೆ. 2023ರಲ್ಲಿ ಮೋಆಬ್ ಊರಿನ ಹತ್ತಿರ ಬಿಎಲ್‌ಎಂ ಸುಮಾರು 317 ಮೈಲಿ ದಾರಿಗಳನ್ನು ಒಂದೇ ಯೋಜನೆಯಲ್ಲಿ ಮುಚ್ಚಿತು. ಬ್ಲೂರಿಬ್ಬನ್ ಕೊಯಲಿಶನ್ ಅಂತ 1987ರಿಂದ ಇರುವ ಸವಾರರ ಸಂಘ ಕೋರ್ಟಿಗೆ ಹೋಯಿತು.

ಇಲ್ಲಿನವರಿಂದ ಕಲಿಯಬಹುದಾದದ್ದು ಒಂದಿದೆ. 'ಗುಡ್ಡ ನಮ್ಮದು' ಅಂತ ಕೂಗಿದವರ ಅರ್ಜಿಗೆ ಜಾಸ್ತಿ ತೂಕ ಬರುವುದಿಲ್ಲ. ಈ ನಂಬರಿನ ದಾರಿ ಇಲ್ಲಿಂದ ಇಲ್ಲಿಗೆ ಹೋಗುತ್ತದೆ, ಇಂಥವರು ಬಳಸುತ್ತಾರೆ, ಮುಚ್ಚಿದರೆ ಇಂಥ ತೊಂದರೆ ಅಂತ ದಾರಿ ದಾರಿಗೂ ಬೇರೆ ಬೇರೆ ಬರೆದುಕೊಟ್ಟವರ ಮಾತಿಗೆ ಇಲಾಖೆ ಉತ್ತರ ಕೊಡಬೇಕಾಗುತ್ತದೆ. ಫೋಟೋ, ಜಿಪಿಎಸ್ ಗೆರೆ ಎಲ್ಲ ಇಟ್ಟುಕೊಳ್ಳಿ. ಆದರೆ ಅದನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ, ಫೈಲಿಗೆ ಹಾಕಿ.

ಒಂಟಿ ಸವಾರ:

ಅಮೆರಿಕದ ಕಥೆ ಇಲ್ಲಿ ಯಾಕೆ ಮೇಡಂ? ನಮ್ಮಲ್ಲಿ ಅರ್ಜಿ ಕೊಟ್ಟರೆ ಉತ್ತರ ಬರುವಷ್ಟರಲ್ಲಿ ಬೈಕ್ ಗುಜರಿಗೆ ಹೋಗಿರುತ್ತದೆ.

ಸರಪಳಿ ಮೇಷ್ಟ್ರು:

ಅದಕ್ಕೇ ಮಾಹಿತಿ ಹಕ್ಕು ಇರುವುದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಒಂದೇ ವಿಷಯ ಕೇಳಬೇಕು, ನಮ್ಮ ರಾಜ್ಯದ ನಿಯಮದಲ್ಲಿ 150 ಪದ ದಾಟಬಾರದು. ನಿಮ್ಮಂಥವರಿಗೆ ಆ ಮಿತಿ ಒಳ್ಳೆಯದೇ.

ದುರ್ಗದ ಎಕ್ಸ್‌ಪಲ್ಸ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಮಾಡಿ ಬಂದು ಬರೆಯುತ್ತಿದ್ದೇನೆ. ಬೈಕ್ ಊರಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆವು.

ಟ್ರೆಂಚ್ ಇರುವುದು ಗೋಮಾಳದ ನಂಬರಿನಲ್ಲಿ. ನಕಾಶೆಯಲ್ಲಿ ಗುಡಿ ತನಕ ಜೋಡಿ ಚುಕ್ಕಿಗೆರೆ ಇದೆ. ಗುಡಿಯಿಂದ ಮೇಲೆ ಗೆರೆಯೇ ಇಲ್ಲ, ಅಲ್ಲಿಂದ ಅರಣ್ಯ. ಅಂದರೆ ನಮ್ಮ ಇಷ್ಟದ ಕಲ್ಲುದಾರಿ ಪೂರ್ತಿ ಅರಣ್ಯದ ಒಳಗೆ. ಅದು ಕೈಬಿಟ್ಟ ಹಾಗೇ. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ.

ಕುರಿ ಕಾಯುವ ಅಜ್ಜನ ಹತ್ತಿರ ಕೂತು ಮಾತಾಡಿದೆವು. ಆ ಟ್ರೆಂಚ್ ನಮ್ಮನ್ನು ತಡೆಯುವುದಕ್ಕೆ ಹೊಡೆದದ್ದೇ ಅಲ್ಲವಂತೆ. ರಾತ್ರಿ ಹೊತ್ತು ಟ್ರ್ಯಾಕ್ಟರ್ ತಂದು ಕೆರೆ ಪಕ್ಕದ ಗರಸು ಮಣ್ಣು ಕದಿಯುತ್ತಿದ್ದರಂತೆ, ಊರಿನವರೇ ದುಡ್ಡು ಹಾಕಿ ಜೆಸಿಬಿ ಕರೆಸಿದ್ದಂತೆ. ಬೋರ್ಡೂ ಅವರದೇ. ಈಗ ಗುಡಿಯ ಪರಿಷೆಗೆ ಬಂಡಿ ಹೋಗುವುದು ಹೇಗೆ ಅಂತ ಅವರಿಗೇ ತಲೆನೋವಾಗಿದೆ. ನಮ್ಮ ಮೇಲೆ ದೂರು ಇಲ್ಲವಾ ಅಂದರೆ, 'ಇದೆ. ಆ ಹಳದಿ ಬೈಕಿನವನ ಸೈಲೆನ್ಸರ್ ಕಿತ್ತುಹಾಕಿಸಿ' ಅಂದರು.

ಈಗ ಏನು ಮಾಡುವುದು ಮೇಷ್ಟ್ರೇ? ಟ್ರೆಂಚ್ ಮುಚ್ಚಿಸಿ ಅಂದರೆ ಗರಸು ಕಳ್ಳರಿಗೆ ದಾರಿ ಮಾಡಿಕೊಟ್ಟ ಹಾಗೆ.

ಸರಪಳಿ ಮೇಷ್ಟ್ರು:

ಟ್ರೆಂಚ್ ಇರಲಿ. ಒಂದು ಪಕ್ಕದಲ್ಲಿ ಮನುಷ್ಯ, ಕುರಿ, ಬೈಕ್ ದಾಟುವಷ್ಟು ಜಾಗ ಮುಚ್ಚಿ ಎರಡು ಕಡೆ ಕಲ್ಲುಕಂಬ ನೆಡಬಹುದು. ಬಂಡಿಗೆ ಬೇರೆ ಅಗಲವಾದ ಜಾಗ ಬೇಕು, ಆದರೆ ಅಷ್ಟು ಅಗಲ ಬಿಟ್ಟರೆ ಟ್ರ್ಯಾಕ್ಟರೂ ಹೋಗುತ್ತದೆ. ಹಾಗಾಗಿ ಬಂಡಿಯ ಜಾಗಕ್ಕೆ ಅಡ್ಡ ಕಬ್ಬಿಣದ ಸರಪಳಿ, ಬೀಗ. ಬೀಗದ ಕೈ ಗುಡಿಯ ಪೂಜಾರಿ ಹತ್ತಿರ ಒಂದು, ಪಿಡಿಒ ಹತ್ತಿರ ಒಂದು. ಪರಿಷೆ ದಿನ ತೆಗೆದರಾಯಿತು.

ಇದನ್ನು ನೀವಾಗಿ ಮಾಡಬೇಡಿ. ಊರಿನವರ ಹೆಸರಿನಲ್ಲಿ ಗ್ರಾಮಸಭೆಗೆ ಬರಲಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ, ಅದರ ಪ್ರತಿ ತಹಶೀಲ್ದಾರರಿಗೆ ಹೋಗಲಿ. ಗೋಮಾಳ ಅವರ ಸುಪರ್ದಿಗೆ ಬರುವುದರಿಂದ ಅವರ ಅಪ್ಪಣೆ ಬೇಕು. ಕಂಬದ ಖರ್ಚು ನೀವು ಕೊಡಿ. 'ಬಂಡಿದಾರಿಯಲ್ಲಿ ದ್ವಿಚಕ್ರ ವಾಹನ ನಿಧಾನವಾಗಿ ಗುಡಿ ತನಕ ಹೋಗಬಹುದು' ಅಂತ ಒಂದು ಸಾಲು ನಡಾವಳಿಯಲ್ಲಿ ಸೇರಿಸಲು ಕೇಳಿ. ಒಪ್ಪಿದರೆ ಬರೆಸಿ, ಒಪ್ಪದಿದ್ದರೆ ಒತ್ತಾಯ ಬೇಡ.

ಕಾವಲು ಕಡೆಯವನು:

ಸಭೆಗೆ ಹಳದಿ ಬೈಕಿನವರನ್ನು ಹಳೆಯ ಸೈಲೆನ್ಸರ್ ಹಾಕಿಸಿಯೇ ಕರೆದುಕೊಂಡು ಹೋಗಿ.

ದುರ್ಗದ ಎಕ್ಸ್‌ಪಲ್ಸ್:

ಹಾಕಿಸಿದ್ದಾನೆ. ಜೀಪಿನವನದೇ ಈಗ ಗಲಾಟೆ. ಕಂಬದ ಮಧ್ಯೆ ಜೀಪ್ ಹೋಗುವುದಿಲ್ಲ, ನಾನ್ಯಾಕೆ ದುಡ್ಡು ಹಾಕಬೇಕು ಅನ್ನುತ್ತಿದ್ದಾನೆ. ಬೀಳು ಜಮೀನು ಗುತ್ತಿಗೆಗೆ ಕೊಡುವವರು ಭರಮಸಾಗರದ ಕಡೆ ಯಾರಾದರೂ ಇದ್ದರೆ ತಿಳಿಸಿ, ಅವನನ್ನು ಅಲ್ಲಿಗೆ ಕಳಿಸುತ್ತೇವೆ.