ಸಹಾಯ ಬೇಕು: ಎರಡು ಡ್ವಾರ್ಫ್ ಹ್ಯಾಮ್‌ಸ್ಟರ್ ಒಂದೇ ಪಂಜರದಲ್ಲಿ ಇರಬಹುದಾ?

ಎಲ್ಲರಿಗೂ ನಮಸ್ಕಾರ. ಮಗಳ ಹಠಕ್ಕೆ 2 ತಿಂಗಳ ಹಿಂದೆ ಎರಡು ವಿಂಟರ್ ವೈಟ್ ಹ್ಯಾಮ್‌ಸ್ಟರ್ (ಇಲಿಯಂಥ ಸಾಕುಪ್ರಾಣಿ, ಇದು ಡ್ವಾರ್ಫ್ ಅಂದರೆ ಕುಳ್ಳ ಜಾತಿ) ತಂದೆವು. ಒಂದೇ ಸೂಲಿನ ಹೆಣ್ಣುಗಳು, ಜೊತೆಗೇ ಇರುತ್ತವೆ ಅಂತ ಅಂಗಡಿಯವರು ಹೇಳಿದ್ದರು. ಮೊದಮೊದಲು ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಈಗ ಹತ್ತು ದಿನದಿಂದ ರಾತ್ರಿಯಾದರೆ ಸಾಕು, ಕಿಚಕಿಚ ಶುರು. ದೊಡ್ಡದು ಸಣ್ಣದನ್ನು ಓಡುವ ಚಕ್ರದ ಹತ್ತಿರ ಬಿಡುವುದೇ ಇಲ್ಲ. ನಿನ್ನೆ ನೋಡಿದರೆ ಸಣ್ಣದರ ಬೆನ್ನ ಮೇಲೆ ಹೆಸರುಕಾಳಿನಷ್ಟು ಜಾಗದಲ್ಲಿ ಕೂದಲು ಕಿತ್ತುಹೋಗಿದೆ, ಒಂದು ಚುಕ್ಕಿ ರಕ್ತ ಬೇರೆ. ಸದ್ಯಕ್ಕೆ ಅದನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ (ಮುಚ್ಚಳಕ್ಕೆ ತೂತು ಮಾಡಿದ್ದೇನೆ, ಬೈಯಬೇಡಿ).

ಸಿರಿಯನ್ ಅನ್ನುವ ದೊಡ್ಡ ಹ್ಯಾಮ್‌ಸ್ಟರ್ ಜಾತಿಯನ್ನು ಒಂಟಿಯಾಗೇ ಸಾಕಬೇಕು ಅಂತ ಗೊತ್ತು. ಡ್ವಾರ್ಫ್‌ಗಳಲ್ಲಿ ಕೆಲವು ಜೋಡಿ ಹೊಂದಿಕೊಳ್ಳುತ್ತವಂತೆ, ಕೆಲವು ದೊಡ್ಡವಾದ ಮೇಲೆ ಕಚ್ಚಾಡುತ್ತವಂತೆ. ಚಕ್ರ, ಗೂಡು, ನೀರಿನ ಬಾಟಲಿ ಎಲ್ಲ ಎರಡೆರಡು ಇಟ್ಟರೆ ಸರಿಹೋಗುತ್ತಾ? ಇಲ್ಲ, ರಕ್ತ ಬಂದ ಮೇಲೆ ಮತ್ತೆ ಸೇರಿಸಲೇಬಾರದಾ? ನನಗೇನೋ ಎರಡನೇ ಪಂಜರ ತರುವುದೇ ಸರಿ ಅನಿಸುತ್ತಿದೆ. ಮಗಳು ಮಾತ್ರ ‘ಅದಕ್ಕೆ ಬೇಜಾರಾಗುತ್ತೆ’ ಅಂತ ಅಳುತ್ತಿದ್ದಾಳೆ.

ಇನ್ನೊಂದು ಭಯ. ಒಂದು ಗಂಡೇನಾದರೂ ಆಗಿದ್ದರೆ? 3 ವಾರದೊಳಗೆ ಮನೆ ತುಂಬ ಮರಿ! ಗಂಡು ಹೆಣ್ಣು ಗುರುತಿಸುವುದು ಹೇಗೆ? ಬೆಂಗಳೂರಿನ ಜಯನಗರದ ಸುತ್ತಮುತ್ತ ಹ್ಯಾಮ್‌ಸ್ಟರ್ ನೋಡುವ ಡಾಕ್ಟರ್ ಇದ್ದರೆ ದಯವಿಟ್ಟು ತಿಳಿಸಿ. ಹತ್ತಿರದ ಡಾಕ್ಟರೊಬ್ಬರು ‘ಇಲಿಗಳನ್ನೆಲ್ಲ ನೋಡಲ್ಲಮ್ಮ’ ಅಂದುಬಿಟ್ಟರು.