ಸಹಾಯ ಬೇಕು: ಶ್ರೀಲಂಕಾದಲ್ಲಿ ಆರು ದಿನ, ಅಪ್ಪನಿಗೆ ಕೋಟೆ, ಅಮ್ಮನಿಗೆ ಜಲಪಾತ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಜನವರಿಯಲ್ಲಿ ಅಪ್ಪ, ಅಮ್ಮ, ನಾನು ಬೆಂಗಳೂರಿನಿಂದ ಕೊಲಂಬೊಗೆ ಹೋಗುತ್ತಿದ್ದೇವೆ. ಹೋಗಿ ಬಂದವರು ಸ್ವಲ್ಪ ದಾರಿ ಹೇಳಿ ಮಾರಾಯ್ರೆ.

ಅಪ್ಪನಿಗೆ ಕೋಟೆಯ ಹುಚ್ಚು. ಮಂಗಳೂರಿಗೆ ಹೋದಾಗಲೆಲ್ಲ ಸುಲ್ತಾನ್ ಬತ್ತೇರಿಯ ಕಲ್ಲು ಮುಟ್ಟಿ ಬರುವ ಜನ. ದಕ್ಷಿಣ ಕರಾವಳಿಯ ಗಾಲೆ ಕೋಟೆ ನೋಡಲೇಬೇಕಂತೆ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು, 1640ರಲ್ಲಿ ಡಚ್ಚರು ಕಿತ್ತುಕೊಂಡು ಗಟ್ಟಿ ಮಾಡಿದ್ದು. ಜಾಫ್ನಾ ಕೋಟೆಯನ್ನೂ ಕೇಳಿದರು. ಅದು ಉತ್ತರದ ತುದಿ, ಈ ಸಲ ಬೇಡ ಅಂದೆ.

ಅಮ್ಮನಿಗೆ ಜಲಪಾತ. 263 ಮೀಟರಿನ ಬಂಬರಕಂದ ನಮ್ಮ ಜೋಗಕ್ಕಿಂತ ಎತ್ತರ ಅಂದದ್ದೇ ತಪ್ಪಾಯಿತು. "ಜೋಗಕ್ಕಿಂತಲಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಆದರೂ ನೋಡಬೇಕಂತೆ. ತೊಂದರೆ ಇರುವುದು ಅವರ ಮಂಡಿಯದ್ದು. ಕಳೆದ ವರ್ಷ ಕೂಡ್ಲು ತೀರ್ಥದ ದಾರಿಯಲ್ಲಿ ಅರ್ಧಕ್ಕೇ ಒಂದು ಬಂಡೆ ಮೇಲೆ ಕೂತು, ಚಪ್ಪಲಿ ಬಿಚ್ಚಿ, "ನೀವು ಹೋಗಿ ಬನ್ನಿ" ಅಂದುಬಿಟ್ಟಿದ್ದರು.

ಎಲ್ಲ ಅನ್ನುವ ಊರಿನ ಹತ್ತಿರದ ರಾವಣ ಜಲಪಾತ ರಸ್ತೆ ಬದಿಯಲ್ಲೇ ಇದೆ, ಅದಕ್ಕೆ ಚಿಂತೆ ಇಲ್ಲ. ಬಂಬರಕಂದಕ್ಕೆ ಗಾಡಿ ಇಳಿದ ಮೇಲೆ ಎಷ್ಟು ನಡೆಯಬೇಕು? ಮೆಟ್ಟಿಲು ಜಾಸ್ತಿಯಾ? ಜನವರಿಯಲ್ಲಿ ನೀರು ಚೆನ್ನಾಗಿರುತ್ತದಾ? ಬೆಟ್ಟದಿಂದ ಗಾಲೆಗೆ ಒಂದೇ ದಿನದಲ್ಲಿ ಇಳಿದರೆ ವಯಸ್ಸಾದವರಿಗೆ ಸುಸ್ತಾಗುತ್ತದಾ, ಅಥವಾ ಮಧ್ಯೆ ಒಂದು ರಾತ್ರಿ ಉಳಿಯುವುದು ಒಳ್ಳೆಯದಾ?

ಇನ್ನೊಂದು, ಅಮ್ಮ ಮೀನು ತಿನ್ನುವುದಿಲ್ಲ. ಅಲ್ಲಿ ಚಟ್ನಿಯಂಥ ತೆಂಗಿನಕಾಯಿ ಸಂಬೋಲಕ್ಕೂ ಒಣಮೀನು ಹಾಕುತ್ತಾರಲ್ವಾ? ಬೆಟ್ಟದ ಕಡೆ ಸಸ್ಯಾಹಾರಿ ಊಟ ಸಿಗುವ ಜಾಗ ಗೊತ್ತಿದ್ದರೆ ತಿಳಿಸಿ. ಅವರು ಈಗಲೇ ಅವಲಕ್ಕಿ, ಉಪ್ಪಿನಕಾಯಿ ಡಬ್ಬಿ ತೆಗೆದಿಟ್ಟಿದ್ದಾರೆ.